ಮೈಕ್ರೋಟೋಮ್ ಇಲ್ಲದೆ ಹಲ್ಲಿನ ಬೇರಿನ ಸಿಮೆಂಟಮ್ ಸೆಕ್ಷನ್: ನನ್ನ ಅನುಭವ

ಹಾರ್ಡ್ ಟಿಶ್ಯೂ ಮೈಕ್ರೋಟೋಮ್ (ಹಲ್ಲು, ಮೂಳೆಯಂಥ ಗಟ್ಟಿ ವಸ್ತುವನ್ನು ತೆಳುವಾಗಿ ಕೊಯ್ಯುವ ಯಂತ್ರ) ಇಲ್ಲದೆ ಸಿಮೆಂಟಮ್ (ಹಲ್ಲಿನ ಬೇರಿನ ಹೊರ ಪದರ) ಉಳಿಸಿಕೊಂಡು ಗ್ರೌಂಡ್ ಸೆಕ್ಷನ್ (ಉಜ್ಜಿ ತೆಳುಮಾಡಿದ ಹೋಳು) ಮಾಡೋಕಾಗಲ್ಲ ಅನ್ನುವವರೇ ಹೆಚ್ಚು. ಆಗುತ್ತದೆ. ನನ್ನ ಸ್ಲೈಡುಗಳಲ್ಲಿ ಸಾಲ್ಟರ್ ಗೆರೆ (ಸಿಮೆಂಟಮ್ ಪದರಪದರವಾಗಿ ಬೆಳೆದ ಗುರುತು), ಲಕೂನಾ (ಜೀವಕೋಶ ಕೂತಿದ್ದ ಗೂಡು), ಅದರಿಂದ ಹೊರಟ ಕೆನಾಲಿಕ್ಯುಲೈ (ಸಣ್ಣ ನಾಳಗಳು) ಎಲ್ಲವೂ 400 ಪಟ್ಟು ಹಿಗ್ಗಿಸಿದಾಗ ನಿಚ್ಚಳವಾಗಿ ಕಾಣುತ್ತವೆ.

ಕೆಡುವುದು ಅಂಚಿನಲ್ಲಿ. ಸಿಮೆಂಟಮ್ ಅದರ ಒಳಗಿನ ಡೆಂಟಿನ್‌ಗಿಂತ ಮೆದು. ದಪ್ಪ ಹಲ್ಲಿನ ಕುತ್ತಿಗೆಯ ಹತ್ತಿರ 20–50 ಮೈಕ್ರಾನ್, ಬೇರಿನ ತುದಿಗೆ 150–200. ಬರೀ ಹಲ್ಲನ್ನು ಬೆರಳಲ್ಲಿ ಒತ್ತಿ ಉಜ್ಜಿದರೆ ಅಂಚು ದುಂಡಾಗುತ್ತದೆ, ಡೆಂಟಿನ್ ತೆಳುವಾಗುವಷ್ಟರಲ್ಲಿ ಸಿಮೆಂಟಮ್ ನೀರಿನ ಜೊತೆ ಹೋಗಿರುತ್ತದೆ. ರೂಟ್ ಪ್ಲೇನಿಂಗ್ (ಬೇರಿನ ಮೈ ಕೆರೆದು ನುಣುಪು ಮಾಡುವ ಚಿಕಿತ್ಸೆ) ಆದ ಹಲ್ಲನ್ನಂತೂ ಮುಟ್ಟಲೇಬೇಡಿ. ಆರ್ಥೊಗೆ (ಹಲ್ಲು ಸಾಲಿಗೆ ತರುವ ಚಿಕಿತ್ಸೆಗೆ) ಕಿತ್ತ ಪ್ರೀಮೋಲಾರ್ (ಮುಂದವಡೆ) ಸುಲಭವಾಗಿ ಸಿಗುತ್ತದೆ, ಆದರೆ ತುದಿಯ ಪದರ ತೆಳು. ಸಿಮೆಂಟಮ್ ಬದುಕಿರುವಷ್ಟು ಕಾಲವೂ ಕೂಡುತ್ತಲೇ ಇರುವುದರಿಂದ ವಯಸ್ಸಾದವರ ಹಲ್ಲೇ ಒಳ್ಳೆಯದು. ಕಿತ್ತ ತಕ್ಷಣ 10% ಫಾರ್ಮಲಿನ್‌ಗೆ ಹಾಕಿ. ಒಣಗಲು ಬಿಟ್ಟರೆ ಡೆಂಟಿನ್‌ನಿಂದ ಪದರ ಬಿಟ್ಟುಕೊಳ್ಳುತ್ತದೆ.

ನೀರು ಬಿಡುತ್ತಾ ಡಿಸ್ಕ್‌ನಲ್ಲಿ ತುದಿಯ ಮೂಲಕ ಉದ್ದಕ್ಕೆ ಸುಮಾರು 2 ಮಿ.ಮೀ. ಹೋಳು ತೆಗೆದು, ಮೇಲ್ಮೈ ಒರೆಸಿ, ಕ್ಲಿಯರ್ ಕೋಲ್ಡ್ ಕ್ಯೂರ್‌ನಲ್ಲಿ (ಕಾಯಿಸದೆ ತಾನೇ ಗಟ್ಟಿಯಾಗುವ ಪಾರದರ್ಶಕ ಅಕ್ರಿಲಿಕ್) ಹೂಳುತ್ತೇನೆ. ಅಕ್ರಿಲಿಕ್ ಬಿಸಿಯಾಗುವ ಹೊತ್ತಿಗೆ ಅಚ್ಚು ತಣ್ಣೀರಿನಲ್ಲಿರಬೇಕು. ಈ ಅಕ್ರಿಲಿಕ್ಕೇ ಅಂಚನ್ನು ಕಾಯುವುದು. 220, 400, 600, 1200ರ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಒಂದು ಮೈ ನುಣುಪಾದ ಮೇಲೆ ಆ ಮೈಯನ್ನು ಸ್ಲೈಡಿಗೆ ಅಂಟಿಸಿ, ಇನ್ನೊಂದು ಮೈಯನ್ನು 50 ಮೈಕ್ರಾನ್ ಆಸುಪಾಸಿಗೆ ತರಬೇಕು. ಅಂಟು ಗಟ್ಟಿ ಜೆಲ್ ಆಗಿರಲಿ. ನೀರಾದ ಸೂಪರ್ ಗ್ಲೂ ಲಕೂನಾದೊಳಗೆ ಇಳಿದರೆ ಕೆಲಸವೆಲ್ಲ ಹಾಳು. ಬಿಡಿಸಲು ಅಸಿಟೋನ್ ಹಾಕಬೇಡಿ, ಅಕ್ರಿಲಿಕ್ ಕರಗುತ್ತದೆ. ಅದೇ ಸ್ಲೈಡಿನ ಮೇಲೇ ಕವರ್‌ಸ್ಲಿಪ್ ಹಾಕಿ.

ಹೆಚ್ಚಿನವರು ಸೋಲುವುದು ಮೌಂಟಿಂಗ್‌ನಲ್ಲಿ. ಲಕೂನಾ ಕಪ್ಪಾಗಿ ಕಾಣುವುದು ಒಳಗೆ ಗಾಳಿ ಇರುವುದರಿಂದ. ಡಿಪಿಎಕ್ಸ್ (ಕವರ್‌ಸ್ಲಿಪ್ ಕೂರಿಸುವ ಪಾರದರ್ಶಕ ಅಂಟು) ತೆಳುವಾಗಿದ್ದರೆ ಗಾಳಿ ಹೊರಬಿದ್ದು ಕಣ್ಣೆದುರೇ ಲಕೂನಾ ಮಾಯವಾಗುತ್ತದೆ. ಉಜ್ಜಿ ಮುಗಿದ ಹೋಳನ್ನು ರಾತ್ರಿಯಿಡೀ ಒಣಗಿಸಿ, ದಪ್ಪ ಡಿಪಿಎಕ್ಸ್ ಬಳಸಿ. ಎಷ್ಟು ದಪ್ಪ, ಎಷ್ಟು ಹೊತ್ತು ತೆರೆದಿಟ್ಟದ್ದು ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು? ಆ ಮೈಕ್ರೋಟೋಮ್‌ಗೆ ಹಲವು ಲಕ್ಷ. ಪೇಪರ್ ಹಾಳೆಗೆ ಇಪ್ಪತ್ತು–ಮೂವತ್ತು ರೂಪಾಯಿ. ಅಕ್ರಿಲಿಕ್, ಡಿಪಿಎಕ್ಸ್ ಸೇರಿಸಿದರೂ ಸ್ಲೈಡಿಗೆ ನೂರು ದಾಟಿದ ನೆನಪಿಲ್ಲ. ಕೆಟ್ಟ ಹೋಳುಗಳನ್ನು ಲೆಕ್ಕಕ್ಕೆ ಹಿಡಿದರೆ ಇದರ ಎರಡರಷ್ಟು.

ನೋಡುವಾಗ ಕೆನಾಲಿಕ್ಯುಲೈ ಹೆಚ್ಚಾಗಿ ಲಿಗಮೆಂಟ್ (ಬೇರನ್ನು ಮೂಳೆಗೆ ಹಿಡಿದಿಡುವ ನಾರು) ಕಡೆಗೇ ಚಾಚಿರುತ್ತವೆ, ಜೀವಕೋಶಕ್ಕೆ ಪೋಷಣೆ ಬರುವುದು ಅತ್ತಲಿಂದ. ಹೊರಗಡೆ ಯಾವುದೆಂಬ ಗೊಂದಲಕ್ಕೆ ಇದೇ ಗುರುತು. ಬೇರು ಬೆಳೆಯುವಾಗ ಅದನ್ನು ಸುತ್ತಿದ ಹರ್ಟ್‌ವಿಗ್ ಪೊರೆ ಒಡೆದ ಮೇಲೆ ಫಾಲಿಕಲ್ (ಬೆಳೆಯುವ ಹಲ್ಲಿನ ಸುತ್ತಲ ಚೀಲ) ಕೋಶಗಳು ಡೆಂಟಿನ್ ಮುಟ್ಟಿ ಸಿಮೆಂಟೋಬ್ಲಾಸ್ಟ್ (ಸಿಮೆಂಟಮ್ ಕಟ್ಟುವ ಕೋಶ) ಆಗುತ್ತವೆ. ಮೇಲಿನ ಭಾಗದಲ್ಲಿ ಕೆಲಸ ನಿಧಾನ, ಕೋಶಗಳು ಹಿಂದೆ ಸರಿದು ತಪ್ಪಿಸಿಕೊಳ್ಳುತ್ತವೆ. ತುದಿಯಲ್ಲಿ ವೇಗ, ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ತುದಿಯ ಗೆರೆಗಳು ದೂರದೂರ, ಅಂಕುಡೊಂಕು.

ಡೀಕ್ಯಾಲ್ಸಿಫಿಕೇಶನ್ನೂ (ಹಲ್ಲಿನ ಸುಣ್ಣದಂಶ ತೆಗೆದು ಮೆದುಮಾಡುವುದು) ನೋಡಿದ್ದಾಯಿತು. 5% ನೈಟ್ರಿಕ್ ಆಸಿಡ್‌ನಲ್ಲಿ ಬೇಗ ಆಗುತ್ತದೆ, ಆದರೆ ಹೆಚ್ಚು ಹೊತ್ತು ಬಿಟ್ಟರೆ ನ್ಯೂಕ್ಲಿಯಸ್ ಬಣ್ಣ ಹಿಡಿಯುವುದಿಲ್ಲ. 10% ಇಡಿಟಿಎ (ಕ್ಯಾಲ್ಸಿಯಂ ಹಿಡಿದೆಳೆಯುವ ರಾಸಾಯನಿಕ) ವಾರಗಟ್ಟಲೆ ಕಾಯಿಸುತ್ತದೆ, ಫಲಿತಾಂಶ ಮಾತ್ರ ಅಚ್ಚುಕಟ್ಟು. ವಯಸ್ಸು ಲೆಕ್ಕ ಹಾಕಲು ವರ್ಷಕ್ಕೊಂದು ಎಂದು ಗೆರೆ ಎಣಿಸುವವರು ತುದಿ ಬಿಟ್ಟು ಬೇರಿನ ನಡುಭಾಗದ ಅಡ್ಡ ಹೋಳು ತೆಗೆಯಿರಿ, 80–100 ಮೈಕ್ರಾನ್ ಸಾಕು. ಗೆರೆಗಳ ಸಂಖ್ಯೆಗೆ ಆ ಹಲ್ಲು ಹುಟ್ಟುವ ವಯಸ್ಸು ಕೂಡಿಸಿ.