‘ಹೆಂಗ್ ಮಾಡಿದಿ, ಹೇಳು ನೋಡೋಣು’

ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಕಲಿಸುತ್ತೇನೆ. ಮಕ್ಕಳಿಗೆ ನಾನು ಅಕ್ಕೋರು. ಮಗು ತಪ್ಪು ಉತ್ತರ ಹೇಳಿದ ಕೂಡಲೇ ನನ್ನ ಬಾಯಿಂದ ಬರುವ ಮೊದಲ ಮಾತು ಇದೆಯಲ್ಲ, ನಾನು ಎಲ್ಲಕ್ಕಿಂತ ಜಾಸ್ತಿ ಕಾಳಜಿ ಮಾಡುವುದು ಅದರದ್ದೇ.

ಒಂದು ಲೆಕ್ಕ ನೋಡಿ. 502ರಲ್ಲಿ 267 ಕಳೆಯಬೇಕು. ಒಬ್ಬ ಹುಡುಗ ಬೋರ್ಡ್ ಮೇಲೆ 365 ಅಂತ ಬರೆದ. “ತಪ್ಪು, ಕುಂದ್ರು” ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. “ಹೆಂಗ್ ಮಾಡಿದಿ, ಹೇಳು ನೋಡೋಣು” ಅಂದೆ.

“ಎರಡರಾಗ ಏಳು ಹೋಗಂಗಿಲ್ರೀ ಅಕ್ಕೋರ. ಅದಕ್ಕ ಏಳರಾಗ ಎರಡು ತಗದೆ.”

ಅವನು ಸುಮ್ನೆ ಏನೋ ಗೀಚಿರಲಿಲ್ಲ. ದೊಡ್ಡದರಲ್ಲಿ ಸಣ್ಣದು ಕಳೆಯಬೇಕು ಅನ್ನೋದನ್ನ ಗಟ್ಟಿಯಾಗಿ ಹಿಡಿದುಕೊಂಡು ಮೂರೂ ಸ್ಥಾನಕ್ಕೆ ಹಾಗೇ ಮಾಡಿದ್ದ. “365ಕ್ಕ 267 ಕೂಡಿಸು, 502 ಬರ್ತೈತೇನು?” ಅಂದೆ. 632 ಬಂತು. “ಭಾಳ ಆತ್ರೀ” ಅಂತ ಅವನೇ ಅಂದ. ಆಮೇಲೆ ರೊಕ್ಕದ ಲೆಕ್ಕ ಹಿಡಿದೆವು. ನೂರರ ನೋಟು ಐದು, ಚಿಲ್ಲರೆ ಎರಡು ರೂಪಾಯಿ. ಒಂದು ನೂರು ಮುರಿಸಿದರೆ ಹತ್ತರ ನೋಟು ಹತ್ತು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ಚಿಲ್ಲರೆ ಹನ್ನೆರಡು. 235 ಅಂತ ಬರೆದು, ತಾನೇ ಕೂಡಿಸಿ ತಾಳೆ ನೋಡಿದ.

ಉತ್ತರ ಸರಿ ಇದ್ದಾಗಲೂ ಇದೇ ಮಾತು ಕೇಳುತ್ತೇನೆ. ತಪ್ಪಿದಾಗ ಮಾತ್ರ ಕೇಳಿದರೆ ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. “ಹೆಂಗ್ ಮಾಡಿದಿ” ಅಂದರೆ ತಪ್ಪಾಗಿದೆ ಅಂತಲೇ ಅರ್ಥ ಮಾಡಿಕೊಂಡು ಬರೆದದ್ದನ್ನು ಅಳಿಸಿಬಿಡುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದೂ ಮುಖ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಹೇಳುವ ಮಕ್ಕಳೂ ಹೆಚ್ಚುತ್ತಾರೆ ಎಂದು ಅವರು ತೋರಿಸಿದರು. ನಮ್ಮಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ. ಅವರು ಉತ್ತರವನ್ನೂ ಹುಡುಕಬೇಕು, ಅದಕ್ಕೆ ಕನ್ನಡವನ್ನೂ ಹುಡುಕಬೇಕು. ಅವರಿಗೆ ಮೂರು ಸೆಕೆಂಡ್ ಸಾಲದು. ನಾನು ಇನ್ನೂ ಕಾಯುತ್ತೇನೆ.

“ಭಾಳ ಶಾಣ್ಯಾ ಅದಿ” ಅನ್ನುವ ಹೊಗಳಿಕೆಯನ್ನು ನಾನು ಬಳಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದೂ ಐದನೇ ತರಗತಿಯ ಮಕ್ಕಳೇ. ಜಾಣರು ಅನ್ನಿಸಿಕೊಂಡವರು ಕಷ್ಟದ ಪ್ರಶ್ನೆ ಬಂದು ಸೋತ ಮೇಲೆ ಮುಂದುವರಿಯುವ ಉತ್ಸಾಹ ಕಳೆದುಕೊಂಡರು. ಶ್ರಮಕ್ಕೆ ಹೊಗಳಿಸಿಕೊಂಡವರು ಬಿಡದೆ ಮುಂದುವರಿದರು. ಹಾಗಂತ ಸುಮ್ನೆ “ಕಷ್ಟಪಟ್ಟಿ” ಅಂದರೂ ಸಾಲದು. ಏನು ಮಾಡಿದ ಅನ್ನೋದನ್ನೇ ಹೇಳಬೇಕು: “ಕೂಡಿಸಿ ತಾಳೆ ನೋಡಿದೆಲ್ಲ, ಅದು ಚಲೋ ಆತು.” ಮಾರನೇ ದಿನ ಪಕ್ಕದವನೂ ತಾಳೆ ನೋಡುತ್ತಿರುತ್ತಾನೆ.

ನಡತೆ ವಿಷಯದಲ್ಲಿ ನನ್ನ ಮಾತು ಕಡಿಮೆ. “ಓಡಬ್ಯಾಡ್ರೋ” ಅನ್ನುವ ಬದಲು “ಸಾವಕಾಶ ನಡೀರಿ” ಅನ್ನುತ್ತೇನೆ. “ಏ ತಾಂಡಾದವನ” ಅಂತ ಯಾರಾದರೂ ಕರೆದರೆ ಮಾತ್ರ ಪಾಠ ನಿಲ್ಲಿಸಿ, ಹೆಸರು ಹಿಡಿದು ಕರೆಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟರೂ ಚುಚ್ಚುಮಾತು ಬಿಡದಿದ್ದರೆ ಏನು ಬಂತು?

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದ ಮನೆಗಳ ಮಕ್ಕಳು ಸೀಸನ್ ಮುಗಿದ ಮೇಲೆ ಅಳುಕುತ್ತಾ ಶಾಲೆಗೆ ಬರುತ್ತಾರೆ. “ಈಗ ಬಂದೇನು?” ಅನ್ನುವ ಒಂದೇ ಮಾತಿಗೆ ಆ ಮಗು ನಾಳೆ ಬರದೇ ಇರಬಹುದು. “ಬಂದಿ, ಚಲೋ ಆತು. ಕುಂದ್ರು ಬಾ” ಅನ್ನುತ್ತೇನೆ. ಮೊದಲ ಲೆಕ್ಕವೂ ಅದರ ಕೈಲಿರುವುದೇ ಆಗಿರುತ್ತದೆ: ಒಂದು ಹೊರೆಗೆ ಎಷ್ಟು ಕಬ್ಬು ಕಟ್ಟತಾರ, ಹತ್ತು ಹೊರೆಗೆ ಎಷ್ಟಾತು? ಇದನ್ನು ಕೇಳಿದರೆ ಎಂಥ ಅಂಜುಬುರುಕ ಮಗುವೂ ಬಾಯಿ ಬಿಡುತ್ತದೆ. ಆಮೇಲೆ ನಿಧಾನಕ್ಕೆ ತಪ್ಪಿಹೋದ ಪಾಠ ಶುರು ಮಾಡುತ್ತೇವೆ.