ಚಿನ್ನದಂಗಡಿಗೆ ಬಂದೂಕು ತರುವ ಮುಂಚೆ: ಬಾಗಿಲು, ಸ್ವಿಚ್ಚು, ಕ್ಯಾಮೆರಾ, ಕಾನೂನು

ಅಂಗಡಿಗೆ ನುಗ್ಗುವವರು ಸಾಮಾನ್ಯವಾಗಿ ಕಾಯುವುದು ಮೂರು ಹೊತ್ತಿಗೆ: ಷಟರ್ ಎತ್ತುವಾಗ, ಮಧ್ಯಾಹ್ನದ ಊಟಕ್ಕೆ ಅರ್ಧ ಜನ ಎದ್ದಾಗ, ಮಾಲು ತಿಜೋರಿಗೆ ಸೇರುವಾಗ. 2025ರ ಜನವರಿಯಲ್ಲಿ ಉಳ್ಳಾಲದ ಬಳಿಯ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ನುಗ್ಗಿದ್ದು ಮಟಮಟ ಮಧ್ಯಾಹ್ನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಜಯಪುರ ಜಿಲ್ಲೆಯ ಚಡಚಣದ ಬ್ಯಾಂಕಿಗೆ ಸೇನೆಯವರಂತೆ ಬಟ್ಟೆ ತೊಟ್ಟು ಬಂದವರು ಸಿಬ್ಬಂದಿಯನ್ನು ಕಟ್ಟಿಹಾಕಿದ್ದು ಸಂಜೆ, ವಹಿವಾಟು ಮುಗಿಯುವ ಹೊತ್ತಿಗೆ. ಬಂದೂಕಿಗೆ ಅರ್ಜಿ ಹಾಕುವ ಮೊದಲು ಈ ಮೂರು ಹೊತ್ತನ್ನು ಭದ್ರ ಮಾಡಿಕೊಳ್ಳಿ.

ಬೆಳಗ್ಗೆ ಒಬ್ಬರೇ ಬೀಗ ತೆಗೆಯಬಾರದು. ಒಬ್ಬರು ಒಳಗೆ ಹೋಗಲಿ, ಇನ್ನೊಬ್ಬರು ರಸ್ತೆಯಾಚೆ ಫೋನ್ ಹಿಡಿದು ನಿಲ್ಲಲಿ. ಒಳಗೆ ಎಲ್ಲ ಸರಿಯಿದ್ದರೆ ಮೊದಲೇ ಮಾತಾಡಿಕೊಂಡ ಒಂದು ಗುರುತು ಕೊಡಬೇಕು, ದೇವರ ಪಟದ ದೀಪ ಹಾಕುವುದಾದರೂ ಸರಿ. ಐದು ನಿಮಿಷದಲ್ಲಿ ಗುರುತು ಕಾಣದಿದ್ದರೆ ಹೊರಗಿದ್ದವರು ಇಣುಕಲು ಹೋಗದೆ 112ಕ್ಕೆ ಕರೆ ಮಾಡಬೇಕು. ತಿಜೋರಿ ತೆರೆಯುವುದು ಗುರುತು ಸಿಕ್ಕ ಮೇಲೆ. ತಿಜೋರಿಗೆ 10–15 ನಿಮಿಷ ತಡವಾಗಿ ತೆರೆಯುವ ಟೈಮ್ ಲಾಕ್ ಹಾಕಿಸಿ, ಹಾಗೆಂದು ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆಸಿ. ಮಾಲೀಕನ ಕುತ್ತಿಗೆಗೆ ಚಾಕು ಇಟ್ಟರೂ ಬೇಗ ತೆರೆಯಲಾಗದು ಎಂಬುದು ಬಂದವನಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಜಾಗವಿದ್ದರೆ ಜೋಡಿ ಬಾಗಿಲು: ಹೊರಗಿನದು ಮುಚ್ಚಿದ ಮೇಲೇ ಒಳಗಿನದು ತೆರೆಯಬೇಕು, ಅದೂ ಕೌಂಟರಿನ ಗುಂಡಿಯಿಂದ. 600 ಪೌಂಡಿನ ಮ್ಯಾಗ್ನೆಟಿಕ್ ಲಾಕ್ ಎಂದರೆ ಸುಮಾರು 270 ಕಿಲೋ ಹಿಡಿತ. ಕರೆಂಟು ಹೋದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಬರಲು ಹಾಗೇ ಇರಬೇಕು. ಆದ್ದರಿಂದ ಕರೆಂಟು ಹೋದ ಹೊತ್ತಿಗೆಂದು ಬ್ಯಾಟರಿ ಬ್ಯಾಕಪ್ ಕೊಡಿಸಿ, ಬೆಂಕಿಯ ಹೊತ್ತಿಗೆಂದು ಒಳಗಡೆ ಒಡೆದು ತೆರೆಯುವ ಹಸಿರು ಪೆಟ್ಟಿಗೆ ಇಡಿಸಿ. ಇನ್ನೊಂದು ಮಾತು: ಸುಲಿಗೆಕೋರ ಒಳಗೆ ಬಂದಾಗಿದ್ದರೆ ಬಾಗಿಲು ಲಾಕ್ ಮಾಡಿ ಅವನನ್ನು ‘ಹಿಡಿಯುವ’ ಸಾಹಸ ಬೇಡ. ದಾರಿ ಕಾಣದವನು ಗಿರಾಕಿಯನ್ನೇ ಒತ್ತೆ ಹಿಡಿಯುತ್ತಾನೆ.

ಪ್ಯಾನಿಕ್ ಸ್ವಿಚ್ ಕೈಗಿಂತ ಕಾಲಿಗೆ ಸಿಗಬೇಕು. ‘ಕೈ ಮೇಲೆತ್ತು’ ಅಂದವನ ಎದುರು ಕೌಂಟರಿನಡಿ ಕೈ ಹಾಕಿದರೆ ಗುಂಡು ಬಿದ್ದೀತು. ಕೌಂಟರಿನ ಕೆಳಗೆ, ಕಾಲ ಬೆರಳು ಒಳಹೋಗುವ ಹಾಗೆ, ಪಾದದ ಮೇಲ್ಭಾಗದಿಂದ ಎತ್ತಿದರೆ ಕೆಲಸ ಮಾಡುವ ಪಟ್ಟಿ ಒಳ್ಳೆಯದು. ಮೇಲಿನಿಂದ ತುಳಿಯುವ ಗುಂಡಿ ಇಟ್ಟರೆ ಕಸ ಗುಡಿಸುವಾಗೆಲ್ಲ ಅಲಾರಂ ಹೋಗುತ್ತದೆ, ತಿಂಗಳಲ್ಲಿ ಯಾರೋ ಬೇಸತ್ತು ವೈರು ಕಿತ್ತಿಡುತ್ತಾರೆ. ವೈರಿಂಗ್ ಮಾಮೂಲಿಯಾಗಿ ಮುಚ್ಚಿದ (ಸದಾ ಕರೆಂಟು ಹರಿಯುತ್ತಿರುವ) ಸರ್ಕ್ಯೂಟ್ ಆಗಿರಲಿ, ಆಗ ವೈರು ಕತ್ತರಿಸಿದರೂ ಅಲಾರಂ ಬರುತ್ತದೆ. ಹಗಲಿನಲ್ಲಿ ಸೈರನ್ ಕೂಗಬಾರದು, ಸಂದೇಶ ಮಾತ್ರ ಹೊರಗೆ ಹೋಗಬೇಕು. ಸೈರನ್ನು ರಾತ್ರಿ ಷಟರ್ ಮುರಿಯುವವನಿಗೆ. ಅಲಾರಂ ಪ್ಯಾನೆಲ್ಲಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಿ. ಅದಕ್ಕಿಂತ ಹೆಚ್ಚಾಗಿ ಕೈಕೊಡುವುದು ಡಯಲರಿನ, ಅಂದರೆ ಫೋನುಗಳಿಗೆ ಸಂದೇಶ ಕಳಿಸುವ ಪೆಟ್ಟಿಗೆಯ, ಸಿಮ್: ರೀಚಾರ್ಜ್ ಮುಗಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ತಿಂಗಳಿಗೊಮ್ಮೆ ಒತ್ತಿ ನೋಡಿ. ಅದರಲ್ಲಿ ನಮೂದಿಸಿದ ಎಲ್ಲ ಫೋನಿಗೂ ಸಂದೇಶ ಬಂದರೆ ಮಾತ್ರ ವ್ಯವಸ್ಥೆ ಇದೆಯೆಂದು ಲೆಕ್ಕ.

ಕ್ಯಾಮೆರಾ ಎಲ್ಲವನ್ನೂ ಸೂರಿಗೆ ಹಾಕಿಸುವುದು ಮಾಮೂಲಿ ತಪ್ಪು. ಟೋಪಿ, ಹೆಲ್ಮೆಟ್ ಕಾಣುತ್ತವೆ, ಮುಖ ಕಾಣದು. ಬಾಗಿಲ ಪಕ್ಕದಲ್ಲಿ ಐದೂವರೆ ಅಡಿ ಎತ್ತರಕ್ಕೆ ಒಂದು ಇರಲಿ. ಹಿಂದಿನಿಂದ ಬೀಳುವ ಬಿಸಿಲನ್ನು ತಡೆದುಕೊಳ್ಳುವ ಡಬ್ಲ್ಯು.ಡಿ.ಆರ್. ಇಲ್ಲದಿದ್ದರೆ ಅಲ್ಲಿ ಸಿಗುವುದು ಕಪ್ಪು ಆಕೃತಿ ಮಾತ್ರ. ಮುಖ ಗುರುತಿಸಲು ದೃಶ್ಯದ ಅಗಲದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 1920 ಪಿಕ್ಸೆಲ್, ಅಂದರೆ ಏಳೂವರೆ ಮೀಟರಿಗಿಂತ ಅಗಲದ ದೃಶ್ಯ ತುಂಬಿಸಿದರೆ ಗುರುತು ಕೆಡುತ್ತದೆ. ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಿನಕ್ಕೆ ಸುಮಾರು 22 ಜಿಬಿ ತುಂಬುತ್ತದೆ. ಎಂಟು ಕ್ಯಾಮೆರಾ, 30 ದಿನ ಎಂದರೆ 5 ಟಿಬಿ ದಾಟುತ್ತದೆ, ಹಾಗಾಗಿ 6 ಟಿಬಿ ಡಿಸ್ಕ್ ಹಾಕಿಸಿ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಬರುವ ಅಂಗಡಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕ್ಯಾಮೆರಾವನ್ನೂ 30 ದಿನದ ದಾಖಲೆಯನ್ನೂ ಕಡ್ಡಾಯ ಮಾಡಿದೆ. ರೆಕಾರ್ಡರನ್ನು ಕ್ಯಾಶ್ ಕೌಂಟರಿನ ಕೆಳಗೆ ಇಡಬೇಡಿ. ಹೋಗುವಾಗ ಅದನ್ನೂ ಕಿತ್ತುಕೊಂಡು ಹೋಗುತ್ತಾರೆ.

ಇನ್ನು ಬಂದೂಕು. ಲೈಸೆನ್ಸಿಗೆ ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್, ಉಳಿದೆಡೆ ಜಿಲ್ಲಾಧಿಕಾರಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸಿನ ಅವಧಿ ಐದು ವರ್ಷ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಆದೇಶ ಬರಬಹುದು, ಬಂದರೆ ಅಷ್ಟು ದಿನ ಅಂಗಡಿ ಬರಿಗೈ. ಬಂದೂಕನ್ನೇ ನಂಬಿದ ಅಂಗಡಿಯವರು ಇದನ್ನು ಲೆಕ್ಕಕ್ಕೆ ಹಿಡಿದಿರುವುದೇ ಇಲ್ಲ.

ಬಂದೂಕಿನ ಗಾರ್ಡನ್ನು ಇಟ್ಟುಕೊಳ್ಳುವುದಾದರೆ ಲೈಸೆನ್ಸಿನಲ್ಲಿರುವ ಹೆಸರು, ಬಂದೂಕಿನ ನಂಬರು, ಊರ್ಜಿತ ಪ್ರದೇಶ, ಮುಗಿಯುವ ದಿನಾಂಕ ನೀವೇ ತಾಳೆ ನೋಡಿ. ಗಾರ್ಡನ್ನು ಕಳಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಪ್ರತ್ಯೇಕ ಲೈಸೆನ್ಸ್ ಇರಬೇಕು. ಗಾರ್ಡ್ ರಜೆ ಹಾಕಿದ ದಿನ ಅವನ ಬಂದೂಕನ್ನು ಬೇರೆಯವರ ಕೈಗೆ ಕೊಡುವಂತಿಲ್ಲ. ಹೊರಗೆ ಸ್ಟೂಲಿನ ಮೇಲೆ ಕೂತು, ಡಬಲ್ ಬ್ಯಾರಲ್ಲನ್ನು ಗೋಡೆಗೆ ಒರಗಿಸಿ ಚಹಾ ಕುಡಿಯುವ ಗಾರ್ಡ್ ಎಂದರೆ ಬಂದವರಿಗೆ ಪುಕ್ಕಟೆ ಸಿಕ್ಕ ಆಯುಧ. ಅವನನ್ನು ಒಳಗೆ, ಬಾಗಿಲಿಗೆ ಓರೆಯಾಗಿ, ಬೆನ್ನಿಗೆ ಗೋಡೆ ಇರುವಂತೆ ನಿಲ್ಲಿಸಿ. ಬಂದೂಕಿನ ಪಟ್ಟಿ ಹೆಗಲಲ್ಲೇ ಇರಲಿ. ಹನ್ನೆರಡು ಬೋರಿನ ಚರೆಗಳು ಹತ್ತಡಿಯಲ್ಲಿ ಅಂಗೈಯಗಲಕ್ಕಿಂತ ಹೆಚ್ಚು ಹರಡುವುದಿಲ್ಲ. ‘ಹೊಡೆದರೆ ಎಲ್ಲೋ ಒಂದು ತಗುಲುತ್ತೆ’ ಎಂಬುದು ಬರೀ ನಂಬಿಕೆ. ಗುರಿ ತಪ್ಪಿದ್ದು ಗಾಜು ದಾಟಿ ಬೀದಿಗೆ ಹೋಗುತ್ತದೆ. ಗುರಿಯ ನೇರಕ್ಕೆ ಗಿರಾಕಿ ಇದ್ದರೆ ಗುಂಡು ಹಾರಿಸುವಂತಿಲ್ಲ ಎಂದು ಅವನಿಗೆ ಮೊದಲೇ ಹೇಳಿರಿ.

ಕಾನೂನು ಏನನ್ನುತ್ತದೆ? ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನ ಪ್ರಕಾರ ಸುಲಿಗೆಯ ಎದುರು ಸ್ವತ್ತನ್ನು ಕಾಯುವ ಹಕ್ಕು ಎದುರಾಳಿಯ ಸಾವಿನವರೆಗೂ ಹೋಗಬಲ್ಲದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37 ಹೇಳುತ್ತದೆ. ತಕ್ಷಣದ ಸಾವು, ಗಾಯ ಅಥವಾ ತಡೆಹಿಡಿಯುವ ಭಯ ಇರುವವರೆಗೆ ಮಾತ್ರ ಆ ಹಕ್ಕು ಎಂದು 43 ಮಿತಿ ಹಾಕುತ್ತದೆ. ಚೀಲ ಹೊತ್ತು ಬೈಕ್ ಹತ್ತಿದವನ ಬೆನ್ನಿಗೆ ಗುಂಡು ಹೊಡೆದರೆ ಆರೋಪಿ ನೀವೇ ಆಗಬಹುದು. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ ನಿಜ. ಆದರೆ 2024ರಲ್ಲಿ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಅಪಾಯಕಾರಿ ಆಯುಧವೆಂದೇ ಕಂಡು, ಬಳಸಿದವರ ಮೇಲಿನ ಕೇಸು ರದ್ದುಮಾಡಲು ಒಪ್ಪಲಿಲ್ಲ. ಎ.ಸಿ. ಹಾಕಿದ ಮುಚ್ಚಿದ ಅಂಗಡಿಯಲ್ಲಿ ಅದನ್ನು ಬಳಸಿದರೆ ಕೆಮ್ಮುವವರಲ್ಲಿ ನೀವೂ ಇರುತ್ತೀರಿ.

ಆ ಕ್ಷಣದಲ್ಲಿ ಮಾಡಬೇಕಾದ್ದು ಕಡಿಮೆ. ಕೈ ಕಾಣುವಂತೆ ಇಡಿ, ಮಾಡುವುದನ್ನು ಬಾಯಲ್ಲಿ ಹೇಳಿ ಮಾಡಿ: ‘ಕೀಲಿ ಜೇಬಲ್ಲಿದೆ, ತೆಗೀತೀನಿ’. ಕೇಳಿದ್ದನ್ನು ಕೊಡಿ. ಮುಖಕ್ಕಿಂತ ಕಿವಿ, ಕೈಗಡಗ, ಚಪ್ಪಲಿ, ಮಾತಿನ ಧಾಟಿ ನೆನಪಿಟ್ಟುಕೊಳ್ಳಿ. ಮುಖಗವಸು ಬದಲಾದರೂ ಚಪ್ಪಲಿ ಬದಲಾಗುವುದು ಕಡಿಮೆ.

ಅವರು ಹೋದ ಮೇಲೆ ಷಟರ್ ಇಳಿಸಿ, 112ಕ್ಕೆ ಹೇಳಿ, ಅವರು ಮುಟ್ಟಿದ ಗಾಜು ಒರೆಸದಂತೆ ಕುರ್ಚಿ ಅಡ್ಡ ಇಡಿ. ರೆಕಾರ್ಡರಿನ ಗಡಿಯಾರವನ್ನೂ ಫೋನಿನ ಸಮಯವನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಹತ್ತು ನಿಮಿಷ ಹಿಂದುಮುಂದಾದರೆ ಕೋರ್ಟಿನಲ್ಲಿ ಪ್ರಶ್ನೆ ಬರುತ್ತದೆ. ದೃಶ್ಯದ ಪ್ರತಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ (ಫೈಲಿನ ಬೆರಳಚ್ಚಿನಂಥ ಸಂಕೇತ) ಇರಬೇಕು. ವಾಟ್ಸಾಪಿನಲ್ಲಿ ಕಳಿಸಿದ ತುಣುಕಿಗೆ ಅದೇ ಹ್ಯಾಶ್ ಬರುವುದಿಲ್ಲ. ಆದ್ದರಿಂದ ಮೂಲ ಡಿಸ್ಕನ್ನು ಅಳಿಸದೆ ತೆಗೆದಿಡಿ.