ಕ್ವೇಸಾರ್ ಗಾಳಿ ಅಳೆಯೋದು: ವೇಗ ಸುಲಭ, ದೂರ ಕಷ್ಟ (ನನ್ನ ಅನುಭವ)

ಗ್ಯಾಲಕ್ಸಿಯ ಕೇಂದ್ರದಲ್ಲಿರೋ ದೈತ್ಯ ಕಪ್ಪುಕುಳಿ ಅನಿಲ ನುಂಗ್ತಾ ಬೆಳಗಿದ್ರೆ ಅದೇ ಕ್ವೇಸಾರ್, ಇದು ಎಲ್ರಿಗೂ ಗೊತ್ತಿರೋದೇ. ಆದ್ರೆ ಒಳಗೆ ಬಂದ ಅನಿಲದಲ್ಲಿ ಒಂದಷ್ಟು ಭಯಂಕರ ವೇಗದಲ್ಲಿ ವಾಪಸ್ ಹೊರಕ್ಕೆ ನುಗ್ಗುತ್ತೆ, ಇದೇ ಕ್ವೇಸಾರ್ ಗಾಳಿ, ಅದು ಇಡೀ ಗ್ಯಾಲಕ್ಸಿಲಿ ನಕ್ಷತ್ರ ಹುಟ್ಟೋದನ್ನೇ ತಡೆಯುತ್ತಾ ಅನ್ನೋ ಪ್ರಶ್ನೆ ನನ್ನನ್ನ ಹಿಡ್ಕೊಂಡು ಬಿಡ್ಲಿಲ್ಲ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಅನ್ನೋ ಆಕಾಶ ಸಮೀಕ್ಷೆಯ ಸ್ಪೆಕ್ಟ್ರಮ್‌ಗಳು (ಬೆಳಕನ್ನ ತರಂಗಾಂತರದ ಪ್ರಕಾರ ಬಿಡಿಸಿಟ್ಟ ನಕ್ಷೆಗಳು) ಯಾರಿಗೆ ಬೇಕಾದ್ರೂ ಫ್ರೀಯಾಗಿ ಸಿಗುತ್ವೆ, ಇಳಿಸ್ಕೊಂಡು ಪೈಥಾನ್‌ನಲ್ಲಿ ಶುರು ಮಾಡ್ದೆ.

ವೇಗ ಬೇಗ ಸಿಗುತ್ತೆ. ಕಾರ್ಬನ್ ಅಯಾನು (ಎಲೆಕ್ಟ್ರಾನ್ ಕಳ್ಕೊಂಡ ಪರಮಾಣು) 1549 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ ಮೂಡಿಸೋ ಗೆರೆ ತಗೊಳ್ಳಿ, ರೆಡ್‌ಶಿಫ್ಟ್ (ವಿಶ್ವ ಹಿಗ್ಗೋದ್ರಿಂದ ಬೆಳಕಿನ ತರಂಗಾಂತರ ಹಿಗ್ಗಿರೋ ಅಳತೆ) 2.8 ಇದ್ರೆ ಅದು 5886ರ ಹತ್ರ ಉಬ್ಬಿರುತ್ತೆ, ಅದರ ನೀಲಿ ಕಡೆ, ಅಂದ್ರೆ ಕಮ್ಮಿ ತರಂಗಾಂತರದ ಕಡೆ, 5600ರಲ್ಲಿ ಅನಿಲ ಬೆಳಕು ಹೀರಿದ ಒಂದು ಅಗಲವಾದ ಹಳ್ಳ ಕಂಡ್ರೆ ಆ ಅನಿಲ ಸೆಕೆಂಡಿಗೆ ಸುಮಾರು 15,000 ಕಿಮೀ ವೇಗದಲ್ಲಿ ನಮ್ಮ ಕಡೆಗೇ ಬರ್ತಿದೆ ಅಂತರ್ಥ. ರೆಡ್‌ಶಿಫ್ಟ್ ಮಾತ್ರ ಈ ಕಾರ್ಬನ್ ಗೆರೆಯಿಂದ ತೆಗೀಬೇಡಿ, ಅದೇ ಎಷ್ಟೋ ಸಲ ನೀಲಿ ಕಡೆ ಸರಿದಿರುತ್ತೆ, ಮೆಗ್ನೀಸಿಯಂ ಗೆರೆ ಸಿಕ್ರೆ ಅದನ್ನ ನಂಬಿ.

ಎಷ್ಟು ಅನಿಲ ಅನ್ನೋದು ಬೇರೆ ಕಥೆ. ಹಳ್ಳ ತಳ ಮುಟ್ಟಿಲ್ಲ ಅಂದ ಮಾತ್ರಕ್ಕೆ ಅನಿಲ ತೆಳು ಅಂತಲ್ಲ, ಮೋಡ ಬೆಳಕಿನ ಮೂಲವನ್ನ ಅರ್ಧಂಬರ್ಧ ಮುಚ್ಚಿದ್ರೂ ಹಾಗೇ ಕಾಣುತ್ತೆ. ಅದಕ್ಕೆ ನಾನು 1118 ಮತ್ತು 1128ರ ಫಾಸ್ಫರಸ್ ಗೆರೆಗಳನ್ನ ಹುಡುಕ್ತೀನಿ (ಇಲ್ಲಿಂದ ಮುಂದೆ ಹೇಳೋದೆಲ್ಲ ರೆಡ್‌ಶಿಫ್ಟ್ ಆಗೋಕೆ ಮುಂಚಿನ ತರಂಗಾಂತರ). ಫಾಸ್ಫರಸ್ ಕಾರ್ಬನ್‌ಗಿಂತ ತುಂಬಾನೇ ಅಪರೂಪ, ಅದೇ ಕಾಣ್ತಿದೆ ಅಂದ್ರೆ ಕಾರ್ಬನ್ ಗೆರೆ ಯಾವಾಗ್ಲೋ ಪೂರ್ತಿ ತುಂಬಿಹೋಗಿದೆ, ಇನ್ನೆಷ್ಟು ಅನಿಲ ಸೇರಿದ್ರೂ ಹಳ್ಳ ಆಳ ಆಗಲ್ಲ, ಅನಿಲ ನಾವಂದ್ಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಇದೆ.

ನಿಜವಾದ ಜಗಳ ದೂರದ್ದು. ಗಾಳಿ ಕಪ್ಪುಕುಳಿ ಪಕ್ಕದಲ್ಲೇ ಇದ್ಯಾ, ಇಲ್ಲಾ ಸಾವಿರಾರು ಜ್ಯೋತಿರ್ವರ್ಷ ಆಚೆ ಗ್ಯಾಲಕ್ಸಿ ಒಳಗೆ ಬಂದಿದ್ಯಾ? ಇಲ್ಲಿ ಕೈಹಿಡಿಯೋದು ಸಲ್ಫರ್. 1063ರದ್ದು ಅತಿ ಕಮ್ಮಿ ಶಕ್ತಿಯ ತಳಮಟ್ಟದಲ್ಲಿರೋ ಅಯಾನಿನ ಗೆರೆ, 1073ರದ್ದು ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಸ್ವಲ್ಪ ಮೇಲಕ್ಕೆ ಏರಿಸಿದ ಅಯಾನಿಂದು. ಎರಡರ ಅನುಪಾತ ನೋಡಿದ್ರೆ ಸಾಂದ್ರತೆ ಸಿಗುತ್ತೆ, ಅದಕ್ಕೆ ಕ್ವೇಸಾರ್ ಬೆಳಕು ಮತ್ತೆ ಅನಿಲದ ಅಯಾನೀಕರಣ (ಪರಮಾಣುಗಳು ಎಷ್ಟರ ಮಟ್ಟಿಗೆ ಎಲೆಕ್ಟ್ರಾನ್ ಕಳ್ಕೊಂಡಿವೆ ಅನ್ನೋದು) ಸೇರಿಸಿದ್ರೆ ದೂರ ಬರುತ್ತೆ. ಆದ್ರೆ ಆ ಜಾಗದಲ್ಲಿ ದಾರೀಲಿರೋ ಹೈಡ್ರೋಜನ್ ಮೋಡಗಳ ಗೆರೆಗಳು ಕಾಡು ಬೆಳೆದಂಗೆ ತುಂಬ್ಕೊಂಡಿರುತ್ವೆ, ಹಾಗಾಗಿ 1073ರ ಹಳ್ಳದ ಆಕಾರ ಬೇರೆ ಅಯಾನುಗಳ ಹಳ್ಳಕ್ಕೆ ಅದೇ ವೇಗದಲ್ಲಿ ಹೊಂದಿದ್ರೆ ಮಾತ್ರ ನಾನು ಒಪ್ಕೊಳ್ಳೋದು, ಡೌಟ್ ಬಂದ್ರೆ ಆ ಕ್ವೇಸಾರ್ ಪಕ್ಕಕ್ಕಿಡ್ತೀನಿ.

ಇಷ್ಟು ಹಠ ಯಾಕಂದ್ರೆ, ಬೇರೆಲ್ಲಾ ಹಾಗೇ ಇದ್ದು ಸಾಂದ್ರತೆ 100 ಪಟ್ಟು ಕಮ್ಮಿ ಬಂದ್ರೆ ದೂರ 10 ಪಟ್ಟು ಜಾಸ್ತಿ ಆಗುತ್ತೆ, ಗಾಳಿ ಹೊತ್ತೊಯ್ಯೋ ಶಕ್ತಿನೂ 10 ಪಟ್ಟು. ಗ್ಯಾಲಕ್ಸಿ ಬೆಳವಣಿಗೆಗೆ ಕಡಿವಾಣ ಹಾಕೋಕೆ ಕ್ವೇಸಾರ್‌ನ ಒಟ್ಟು ಬೆಳಕಿನ ಶಕ್ತಿಲಿ ಶೇ. 0.5ರಿಂದ 5ರಷ್ಟು ಗಾಳಿಗೆ ಹೋಗ್ಬೇಕು ಅಂತ ಸೈದ್ಧಾಂತಿಕ ಲೆಕ್ಕಗಳು ಹೇಳುತ್ವೆ. ಆ 10 ಪಟ್ಟಲ್ಲೇ ಒಂದು ಕ್ವೇಸಾರ್ ಈ ಮಿತಿಯ ಈ ಕಡೆ ಇದ್ಯಾ ಆ ಕಡೆ ಇದ್ಯಾ ಅನ್ನೋದು ತೀರ್ಮಾನ ಆಗ್ಬಿಡುತ್ತೆ. ಅದಕ್ಕೇ ಈಗ ಹೊಸ ಸ್ಪೆಕ್ಟ್ರಮ್ ತೆರೆದ್ರೆ ದೊಡ್ಡ ಹಳ್ಳದ ಕಡೆ ಆಮೇಲೆ ಹೋಗ್ತೀನಿ, ಮೊದಲು 1073.